ವಿಮಾನದ ನೆರಳಲ್ಲಿ ಆರು ಜನ

ಹಳೆಯ ಫೋಟೋ ಒಂದು ಕೈಗೆ ಸಿಕ್ಕರೆ ಅದರಲ್ಲಿ ಯಾರು ಯಾರಿದ್ದಾರೆಂದು ಹೇಳದೆ ಬಿಡಲಾರದ ಚಟ ನನ್ನದು. ಚಟ ಎಂದು ಈಗ ಅನ್ನುತ್ತಿದ್ದೇನೆ. ಹೋದ ತಿಂಗಳವರೆಗೆ ಅದನ್ನು ವಿದ್ಯೆ ಎನ್ನುತ್ತಿದ್ದೆ. ಮೂಗಿನ ಬುಡ, ಕಿವಿಯ ಹಾಲೆ, ಹಣೆಯ ಮೇಲೆ ಕೂದಲು ಶುರುವಾಗುವ ಗೆರೆ, ಇಷ್ಟು ನೋಡಿದರೆ ಸಾಕು, ಮಗನಿಂದ ಅಪ್ಪನನ್ನೂ ಅಪ್ಪನಿಂದ ಅಜ್ಜನನ್ನೂ ಹಿಡಿಯಬಹುದೆಂದು ಅರ್ಧ ವಿಜಾಪುರಕ್ಕೆ ಉಪನ್ಯಾಸ ಕೊಟ್ಟವನು ನಾನು. ಇನ್ನರ್ಧ ಊರು ನನ್ನನ್ನು ದೂರದಿಂದ ಕಂಡೊಡನೆ ದಾರಿ ಬದಲಿಸುತ್ತಿತ್ತು. ನನ್ನ ಹೆಂಡತಿಯಂತೂ ಈ ವಿದ್ಯೆಯನ್ನು ಎಂದೂ ಒಪ್ಪಿದವಳಲ್ಲ. "ನಮ್ಮ ಲಗ್ನದ ಫೋಟೋದಾಗ ನಮ್ಮಪ್ಪನ್ನ ಬಿಟ್ಟು ಅಡಗಿ ಭಟ್ಟಗ ಮಾವ ಅಂದಾವ್ರು ನೀವು. ಸುಮ್ನ ಕುಂಡ್ರಿ" ಎನ್ನುತ್ತಾಳೆ. ಅಡಿಗೆ ಭಟ್ಟ ಆ ದಿನ ಜರಿ ರುಮಾಲು ಸುತ್ತಿಕೊಂಡು ಗತ್ತಿನಲ್ಲಿ ನಿಂತಿದ್ದ. ಅದು ನನ್ನ ತಪ್ಪೇ?

ಇದರ ಜೊತೆಗೆ ವಿಮಾನದ ಹುಚ್ಚು ಬೇರೆ. ಎರಡನೆಯ ದೊಡ್ಡ ಯುದ್ಧ ನಡೆದಾಗ ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಪತ್ರಿಕೆಗಳಲ್ಲಿ ಬರುತ್ತಿದ್ದ ಬಾಂಬರುಗಳ ಚಿತ್ರಗಳನ್ನೆಲ್ಲ ಕತ್ತರಿಸಿ ಅಂಟಿಸಿಟ್ಟುಕೊಳ್ಳುತ್ತಿದ್ದೆ. ರೆಕ್ಕೆಯ ಮುರಿವು, ಬಾಲದ ಆಕಾರ ನೋಡಿ ಇದು ಯಾವ ವಿಮಾನ, ಎಷ್ಟು ಜನ ಕೂಡುತ್ತಾರೆ, ಬಂದೂಕು ಎಲ್ಲಿರುತ್ತದೆ ಎಂದು ಪಟಪಟನೆ ಹೇಳುತ್ತಿದ್ದೆ. ಇಂಥ ಪಂಡಿತನು ವಿಮಾನ ಹತ್ತುವುದು ಹಾಗಿರಲಿ, ಬಸ್ಸಿನ ಬೋರ್ಡು ಸರಿಯಾಗಿ ನೋಡದೆ ಬಬಲೇಶ್ವರಕ್ಕೆಂದು ಹೊರಟು ತಿಕೋಟಾದಲ್ಲಿ ಇಳಿದದ್ದುಂಟು.

ಚೀನಾದ ಗಲಾಟೆಯಾದ ಮೇಲೆ ನಮ್ಮ ಕಡೆ ಜನಕ್ಕೆ ತಮ್ಮ ತಮ್ಮ ಮನೆಯ ಸಿಪಾಯಿಗಳ ನೆನಪು ಒಮ್ಮೆಲೇ ಬಂತು. ಟ್ರಂಕುಗಳ ತಳದಿಂದ ಫೋಟೋಗಳು ಮೇಲೆದ್ದವು. ಕೆಲವು ಜಿರಲೆ ತಿಂದಂಥವು, ಕೆಲವು ಬೂಸು ಹಿಡಿದಂಥವು, ಕೆಲವು ಇಸ್ತ್ರಿ ಮಾಡಿದ ಸೀರೆಗೆ ಅಂಟಿಕೊಂಡಂಥವು. "ಮಾಸ್ತರ್ರ, ಇದರಾಗ ನಮ್ಮ ಕಾಕಾ ಯಾರ ನೋಡ್ರಿ" ಎಂದು ಜನ ಬರತೊಡಗಿದರು. ನಾನು ಭೂತಗನ್ನಡಿ ಒರೆಸಿಕೊಂಡು ಕೂಡುವ ರೀತಿ ನೋಡಿದ್ದರೆ ನಿಮಗೆ ನಗು ಬರುತ್ತಿತ್ತು. ಸಣ್ಣ ಗುಡಿಯ ಪೂಜಾರಿಗೆ ಶ್ರಾವಣದಲ್ಲಿ ಬರುವಂಥ ಗತ್ತು ನನಗೆ ಬಂದಿತ್ತು.

ಹೀಗೆ ಬಂದವಳು ಕಮಲಾಬಾಯಿ. ಬಬಲೇಶ್ವರದ ಕನ್ನಡ ಸಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಆಕೆಯ ತಂದೆ ಲಕ್ಷ್ಮಣ, ಕನಮಡಿಯ ಹೊರಗಿನ ಕೇರಿಯವನು. ಸಾಲೆಯ ಒಳಗಲ್ಲ, ಹೊರಗಿನ ಕಟ್ಟೆಯ ಮೇಲೆ ಕುಳಿತು ಪಾಠ ಕೇಳಿ, ಆ ಕೇರಿಯಿಂದ ಮೊದಲು ಮ್ಯಾಟ್ರಿಕ್ ಪಾಸಾದವನು. ಆ ದೊಡ್ಡ ಯುದ್ಧ ಬಂದಾಗ ವಿಮಾನ ದಳ ಸೇರಿದ. ಒಂದು ಸಲ ಸೂಟಿಯ ಮೇಲೆ ಬಂದು ಹೋದನಂತೆ. ಆಮೇಲೆ ಬರ್ಮಾದ ಕಡೆ ಹೋದ ವಿಮಾನ ತಿರುಗಿ ಬರಲಿಲ್ಲವೆಂದು ತಾರು ಬಂತು. ಆಗ ಕಮಲಾ ತಾಯಿಯ ಹೊಟ್ಟೆಯಲ್ಲಿದ್ದಳು. ತಾಯಿಯೂ ಹೆಚ್ಚು ಕಾಲ ಉಳಿಯಲಿಲ್ಲ. ಸಾರವಾಡದ ಸೋದರಮಾವನ ಮನೆಯಲ್ಲಿ ಬೆಳೆದು, ವಿಜಾಪುರದ ಹಾಸ್ಟೆಲಿನಲ್ಲಿದ್ದು ಓದಿದಳು. ಈಚೆಗೆ ಸೋದರಮಾವ ಮನೆ ಬದಲಿಸುವಾಗ ತಾಯಿಯ ಟ್ರಂಕಿನಲ್ಲಿ ಈ ಫೋಟೋ ಸಿಕ್ಕಿತ್ತು. ಮಾವ ತನ್ನ ಭಾವನನ್ನು ಕಂಡದ್ದು ಲಗ್ನದ ದಿನ ಮಾತ್ರ, ಅದೂ ಬಾಸಿಂಗದ ಹಿಂದೆ.

"ನಮ್ಮಪ್ಪನ ಮುಖ ನಾ ನೋಡಿಲ್ರಿ ಸರ. ಇದರಾಗ ಅದಾನ. ಯಾರಂಬೂದು ಗೊತ್ತಿಲ್ಲ" ಎಂದಳು. ಅಳಲಿಲ್ಲ. ತಾಲೂಕು ಕಚೇರಿಯಲ್ಲಿ ವಿಳಾಸ ಕೇಳಿದಂತೆ ಕೇಳಿದಳು.

ಫೋಟೋ ಅಂಗೈಯಷ್ಟು. ಒಂದು ಬಯಲು, ಒಂದು ಬಾಂಬರ್ ವಿಮಾನ, ಅದರ ರೆಕ್ಕೆಯ ನೆರಳಿನಲ್ಲಿ ಆರು ಜನ. ನಮ್ಮ ದೇಶದವರೇ. ಎಲ್ಲರಿಗೂ ಕುತ್ತಿಗೆಯಿಂದ ಪಾದದವರೆಗೆ ಒಂದೇ ತರಹದ, ಗವಸಣಿಗೆಯಂಥ ಉಡುಪು. ಯಾರು ಅಧಿಕಾರಿ, ಯಾರು ಕೈಕೆಳಗಿನವನು ಎಂದು ತಿಳಿಯುವಂತಿಲ್ಲ. ನಾಲ್ವರು ನಿಂತಿದ್ದರು. ನಡುವೆ ಒಂದೇ ಒಂದು ಬೆತ್ತದ ಕುರ್ಚಿ, ಅದರ ಮೇಲೊಬ್ಬ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಅವನ ಮುಂದೆ ನೆಲದ ಮೇಲೆ ಇನ್ನೊಬ್ಬ, ಚಕ್ಕಳಮಕ್ಕಳ ಹಾಕಿ.

ನಾನು ಮೊದಲು ವಿಮಾನದ ವಿಷಯ ಹೇಳಿದೆ, ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಇದು ಇಬ್ಬರೇ ಕೂಡುವ ಬಾಂಬರ್. ಮುಂದಿನವನು ನಡೆಸುವವನು. ಹಿಂದಿನವನು ಬಂದೂಕು ಹಿಡಿದು ಬಾಲದ ಕಡೆ ಮುಖ ಮಾಡಿ ಕೂಡುವವನು. ಇಬ್ಬರದೂ ಬೆನ್ನಿಗೆ ಬೆನ್ನು. ಮುಂದಿನವನಿಗೆ ಹೋಗುವ ಊರು ಕಾಣುತ್ತದೆ, ಹಿಂದಿನವನಿಗೆ ಬಿಟ್ಟುಬಂದ ಊರು. ಲಕ್ಷ್ಮಣ ಹಿಂದೆ ಕೂಡುತ್ತಿದ್ದನೆಂದು ಕಮಲಾಬಾಯಿಗೆ ಗೊತ್ತಿತ್ತು. ನನ್ನಂಥ ಇತಿಹಾಸದ ಮಾಸ್ತರನ ಪಾಡೂ ಅದೇ ನೋಡಿ, ಎದುರಿಗೇನು ಬರುತ್ತಿದೆ ಎಂಬುದು ಅವನಿಗೂ ಕಾಣುವುದಿಲ್ಲ ಎಂದು ನಾನೊಂದು ಜೋಕು ಹೊಡೆದೆ. ಆಕೆ ಫೋಟೋದಿಂದ ಕಣ್ಣು ತೆಗೆಯಲಿಲ್ಲ.

"ಕನಮಡ್ಯಾಗ ನಮ್ಮತ್ತಿ ಭೀಮವ್ವ ಅದಾಳ್ರಿ, ಅಪ್ಪನ ಅಕ್ಕ. ಆಕಿನ್ನ ಕೇಳ್ಲೇನ್ರಿ?"

"ಅಷ್ಟಕ್ಕ ಆ ಮುದುಕಿನ್ನ ಯಾಕ ದಣಸ್ತೀರಿ? ನಾನದೀನಲ್ಲ" ಎಂದೆ.

ಅಂದವನು ಭೂತಗನ್ನಡಿ ಹಿಡಿದೆ. ಒಮ್ಮೆ ಆಕೆಯ ಮುಖ ನೋಡಿದೆ, ಒಮ್ಮೆ ಫೋಟೋ ನೋಡಿದೆ. ಬಹಳ ಹೊತ್ತು ಬೇಕಾಗಲಿಲ್ಲ. ನೆಲದ ಮೇಲೆ ಕುಳಿತವನ ಮೇಲೆ ಬೆರಳಿಟ್ಟೆ. "ಇವನ. ಮೂಗು ನೋಡ್ರಿ. ಅಚ್ಚು ನಿಮ್ಮದ." ಆಕೆ ಬಗ್ಗಿ ನೋಡಿದಳು. ತನ್ನ ಮೂಗನ್ನು ಬೆರಳಿನಿಂದ ಮುಟ್ಟಿಕೊಂಡಳು. ಆಮೇಲೆ ಅತ್ತಳು. ನನ್ನ ಹೆಂಡತಿಯೂ ಸೆರಗಿನಿಂದ ಕಣ್ಣೊರೆಸಿಕೊಂಡು, ಎಂದೂ ಇಲ್ಲದ್ದು ನನ್ನ ಕಡೆ ಮೆಚ್ಚುಗೆಯಿಂದ ನೋಡಿದಳು.

ಗಾಂಧಿ ಚೌಕದ ಹತ್ತಿರದ ಸ್ಟುಡಿಯೋದಲ್ಲಿ ಆ ಒಂದು ಮುಖವನ್ನಷ್ಟೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಅಷ್ಟರೊಳಗೆ ಎರಡು ಸಲ ಬಬಲೇಶ್ವರಕ್ಕೆ ಹೋಗಿ ಕಮಲಾಬಾಯಿಯ ಬಾಡಿಗೆ ಕೋಣೆಯಲ್ಲಿ ಚಹಾ ಕುಡಿದು ಬಂದೆ. ಕುಡಿದದ್ದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಯಾರ ಮನೆಯ ಚಹಾ ಕುಡಿದೆನೆಂದು ಯಾರೂ ಕೇಳಿರಲಿಲ್ಲ, ನಾನಾಗಿಯೇ ಹೇಳಿದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಪಟ ಹಾಕುವ ದಿನ ಗೊತ್ತಾಯಿತು. ಕೋಣೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಅವರ ಮನೆತನದವರು ಈಚೆಗೆ ಬುದ್ಧನನ್ನು ನಂಬಿಕೊಂಡವರು. ಅದರ ಪಕ್ಕದಲ್ಲಿ ಹೊಸ ಮೊಳೆ. ಸಾಲೆಯ ಹೆಡ್ ಮಾಸ್ತರರು, ಓಣಿಯ ನಾಲ್ಕು ಜನ ಹೆಂಗಸರು, ಕನಮಡಿಯಿಂದ ತಿಕೋಟಾಕ್ಕೆ ಬಂದು ಬಸ್ಸು ಬದಲಿಸಿ ಬಂದ ಭೀಮವ್ವ. ನಾನು ಮುಖ್ಯ ಅತಿಥಿ. ಬಂದೂಕು, ಬರ್ಮಾ, ಬೆನ್ನಿಗೆ ಬೆನ್ನು ಎಲ್ಲ ಹೇಳಿ ಪಟದ ಮೇಲಿನ ಬಟ್ಟೆ ಸರಿಸಿದೆ. ಕಮಲಾಬಾಯಿ ಹೂವು ಏರಿಸಿದಳು. "ಅತ್ತಿ, ನೋಡ ಬೇ. ಮೂಗು ನಂದ ಐತಿ" ಎಂದಳು.

ಭೀಮವ್ವ ಹತ್ತಿರ ಬಂದಳು. ನೋಡಿದಳು.

"ಇವ ಯಾರ ಬೇ?"

ವಯಸ್ಸಾಗಿದೆ, ಕಣ್ಣು ಮಂಜು ಎಂದುಕೊಂಡೆ. ಎಷ್ಟು ಬೇಗ ಹಾಗೆ ಅಂದುಕೊಂಡೆ! ಕಮಲಾಬಾಯಿ ಮೂಲ ಫೋಟೋ ತಂದು ಕೊಟ್ಟಳು. ಮುದುಕಿ ಅದನ್ನು ಬಾಗಿಲ ಬೆಳಕಿಗೆ ಹಿಡಿದವಳೇ, "ಯಪ್ಪಾ, ನನ ತಮ್ಮಾ" ಎಂದು ಬೆತ್ತದ ಕುರ್ಚಿಯ ಮೇಲಿನವನ ಕೆನ್ನೆ ಸವರಿದಳು.

ಆಗ ನನ್ನ ಬಾಯಿಂದ ಮಾತೊಂದು ಬಂತು. ತಡೆಯುವುದರೊಳಗೆ ಬಂದುಬಿಟ್ಟಿತು.

"ಅಂವ ಹೆಂಗ ಆಗತಾನ? ಅಂವ ಕುರ್ಚಿ ಮ್ಯಾಲೆ ಕುಂತಾನಲ್ಲ!"

ಹೆಡ್ ಮಾಸ್ತರರು ಸೂರಿನ ಕಡೆ ನೋಡಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಆಡಿದ ಮಾತು ನನಗೇ ತಿರುಗಿ ಕೇಳಿಸುತ್ತಿತ್ತು. ಮೂಗಿನ ಬುಡವಂತೆ, ಕಿವಿಯ ಹಾಲೆಯಂತೆ! ಉಳಿದ ಐದು ಮುಖಗಳ ಮೇಲೆ ನಾನು ಭೂತಗನ್ನಡಿ ಹಿಡಿದೇ ಇರಲಿಲ್ಲ. ಕೇರಿಯ ಹುಡುಗ ಎಂದ ಕೂಡಲೇ ನನ್ನ ಕಣ್ಣು ನೇರವಾಗಿ ನೆಲಕ್ಕೆ ಹೋಗಿತ್ತು. ಅಲ್ಲಿ ಒಬ್ಬ ಕುಳಿತಿದ್ದ. ಅವನೇ ಎಂದುಬಿಟ್ಟೆ. ಮೂಗನ್ನು ಆಮೇಲೆ ಹುಡುಕಿಕೊಂಡೆ. ವಿಮಾನ ದಳದವರು ಆರು ಜನಕ್ಕೂ ಒಂದೇ ಉಡುಪು ತೊಡಿಸಿ, ಯಾರ ಅಂತಸ್ತೂ ಕಾಣದಂತೆ ಮಾಡಿದ್ದರು. ನಾನು ಅದರೊಳಗೂ ಜಾತಿಯನ್ನು ಹುಡುಕಿ ತೆಗೆದಿದ್ದೆ.

"ಹೌದ್ರಿ ಮಾಸ್ತರ್ರ, ಕುರ್ಚಿ ಮ್ಯಾಲೆ ಕುಂತಾನ" ಎಂದಳು ಭೀಮವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಈ ನೆಲದಾಗ ಕುಂತಾಂವ ಅವನ ಸಾಹೇಬ, ಇಮಾನ ನಡಸಾಂವ. ದೊಡ್ಡ ಮನಿತನದಾಂವಂತ. ಒಮ್ಮಿ ಹಿಂದಿಂದ ವೈರಿ ಇಮಾನ ಬೆನ್ನ ಹತ್ತಿತ್ತಂತ್ರಿ. ನಮ್ಮ ಲಕ್ಷ್ಮಣ ಹೊಡದು ಕೆಡವಿ ಇಬ್ಬರ ಜೀವಾನೂ ಉಳಿಸ್ಯಾನ. ಇಳದ ಮ್ಯಾಲೆ ಸಾಹೇಬ ತನ್ನ ಕುರ್ಚಿ ತರಿಸಿ, ಇವತ್ತ ನೀ ಕುಂಡ್ರು ಅಂದು, ತಾ ನೆಲಕ್ಕ ಕುಂತನಂತ. ಸೂಟಿಗೆ ಬಂದಾಗ ಇದನ್ನ ಎಷ್ಟ ಸರ್ತಿ ಹೇಳ್ಯಾನ! ನಾವು ಯಾರೂ ನಂಬಲಿಲ್ರಿ. ಅದಕ್ಕಂತನ ಫೋಟೋ ತಂದು ತೋರಿಸಿದ್ದ."

ಆಮೇಲೆ ಅವಳು ಹೂವಿನ ಸರ ಹಾಕಿದ ಪಟದ ಕಡೆ ತಿರುಗಿ, "ಇರಲಿ ಬಿಡ. ಇಬ್ಬರೂ ಕೂಡೇ ಹೋದ್ರು. ಅವಂಗೂ ಒಂದ ಹೂವ ಬಿತ್ತು" ಎಂದಳು.

ಕಮಲಾಬಾಯಿ ಮೂಲ ಫೋಟೋವನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಒಂದು ತಿಂಗಳಿನಿಂದ ಆಕೆ ತನ್ನ ಸಾಲೆಯ ಮಕ್ಕಳಿಗೆಲ್ಲ ಮೂಗು ತೋರಿಸಿ, ಇದು ನಮ್ಮಪ್ಪನ ಮೂಗು ಎಂದು ಹೇಳಿದ್ದಳಂತೆ. ಇದನ್ನು ಹೆಡ್ ಮಾಸ್ತರರು ನನಗೆ ಮೆಲ್ಲಗೆ ತಿಳಿಸಿದರು, ಗೊತ್ತಿಲ್ಲದಿದ್ದರೆ ಗೊತ್ತಿರಲೆಂದು. ತಪ್ಪು ಮುಖ ಕೊಟ್ಟದ್ದಕ್ಕೆ ಕ್ಷಮೆ ಕೇಳುವುದು ಸುಲಭ. ಸರಿಯಾದ ಮುಖ ಎದುರಿಗೇ ಇದ್ದಾಗ ಅದು ಆಗಲಾರದು ಎಂದೆನಲ್ಲ, ಅದಕ್ಕೆ ಏನೆಂದು ಕ್ಷಮೆ ಕೇಳಲಿ? ಕೇಳಲು ಬಾಯಿ ತೆರೆದೆ. ಕೊಟ್ಟ ಚಹಾ ಕುಡಿದೆ. ಈ ಸಲದ ಚಹಾದ ವಿಷಯ ಯಾರಿಗೂ ಹೇಳಿಲ್ಲ, ನಿಮಗೇ ಮೊದಲು.

ಆಕೆ ನನ್ನನ್ನು ಬಸ್ಸು ನಿಲ್ಲುವಲ್ಲಿಗೆ ಕಳಿಸಲು ಬಂದಳು. ಅದೇ ನನಗೆ ಹೆಚ್ಚಿನ ಶಿಕ್ಷೆಯಾಯಿತು. ದಾರಿಯುದ್ದಕ್ಕೂ ನಾನು ಜೋಳದ ಹೊಲ ನೋಡುತ್ತ ನಡೆದೆ. ಕೊನೆಗೆ, "ಫೋಟೋ ಕೊಡ್ರಿ ಬಾಯಾರ, ಸರಿಯಾಗಿ ಮಾಡಿಸಿಕೊಂಡು ಬರ್ತೀನಿ. ಮುಖ ಅಷ್ಟ ದೊಡ್ಡದು ಮಾಡಸ್ತೀನಿ" ಎಂದೆ.

"ಮುಖ ಅಷ್ಟ ಬ್ಯಾಡ್ರಿ ಸರ. ಕುರ್ಚಿನೂ ಬರಲಿ."

"ಹಂಗ ಮಾಡಿದ್ರ ಮುಖ ಸಣ್ಣದಾಗತೈತಲ್ಲ?"

"ಆಗಲ್ರಿ" ಎಂದಳು. ಫೋಟೋವನ್ನು ಸೆರಗಿನಲ್ಲಿ ಒಮ್ಮೆ ಒರೆಸಿ ನನ್ನ ಕೈಗೆ ಕೊಟ್ಟಳು. "ನೆಲದಾಗ ಕುಂತಾವ್ರನ್ನೂ ಬಿಡಬ್ಯಾಡ್ರಿ. ಯಾರು ಎಲ್ಲಿ ಕುಂತಿದ್ರು ಅನ್ನೂದು ಬಂದಾವ್ರಿಗೆಲ್ಲಾ ಕಾಣಲಿ."

ಬಸ್ಸು ಬಂತು. ಹತ್ತಿದೆ. ಸಂಜೆಯ ಬಸ್ಸು, ಜನ ಕಡಿಮೆ. ಕಂಬಿ ಹಿಡಿದುಕೊಂಡು ನಿಂತೆ. ಊರು ದಾಟಿದ ಮೇಲೆ ಕಂಡಕ್ಟರ್ ನನ್ನನ್ನೇ ವಿಚಿತ್ರವಾಗಿ ನೋಡಿ, "ಕುಂಡ್ರಬಾರದೇನ್ರಿ ಮಾಸ್ತರ್ರ? ಇಷ್ಟ ಸೀಟ ಖಾಲಿ ಅದಾವಲ್ಲ" ಎಂದ. ಎಲ್ಲಿ ಕೂಡಬೇಕೆಂದು ನನಗೆ ತಿಳಿಯಲಿಲ್ಲ.