ಕೋಟೆಯ ಮೇಲೆ ಆಣೆ ಮಾಡದವಳ ವಿಷಯವಾಗಿ

ಮಾನ್ಯ ಓದುಗರಲ್ಲಿ ವಿನಂತಿ. ನನ್ನ ಅಕ್ಷರ ದುಂಡಗಿಲ್ಲ. ಅಲ್ಪಪ್ರಾಣ, ಮಹಾಪ್ರಾಣಗಳಲ್ಲಿ ತಪ್ಪುಗಳಾಗಿರಬಹುದು. ಅದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ಓಣಿಯವರಿಗೆ ಪಡಿತರ ಚೀಟಿ, ವೃದ್ಧಾಪ್ಯ ವೇತನದ ಅರ್ಜಿಗಳನ್ನು ಬರೆದುಕೊಟ್ಟ ರೂಢಿಯನ್ನು ಬಿಟ್ಟರೆ ಬರವಣಿಗೆ ನನಗೆ ಹೊಸದು. ಆದ್ದರಿಂದ ನನಗೆ ಗೊತ್ತಿರುವ ಆ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ನಾನು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಊರಿನವಳು. ಹೊಲಿಗೆ ನನ್ನ ಕಸುಬು. ನಮ್ಮ ಗ್ರಾಮ ಪಂಚಾಯಿತಿಯ ಹನ್ನೊಂದು ಮಂದಿ ಸದಸ್ಯರಲ್ಲಿ ನಾನೂ ಒಬ್ಬಳು. ಎರಡನೇ ಅವಧಿಗೆ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿ ಬಂದಾಗ ಇಬ್ಬರು ನಿಂತರು. ಆರು ಮಂದಿ ಒಂದು ಕಡೆ, ಐವರು ಇನ್ನೊಂದು ಕಡೆ ಎಂದು ಊರೇ ಲೆಕ್ಕ ಹಾಕಿತ್ತು. ನಾನು ಆರು ಮಂದಿಯ ಕಡೆಯವಳು. ನಮ್ಮ ಅಭ್ಯರ್ಥಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಅವರ ರವಿಕೆಗಳನ್ನು ಮೊದಲಿನಿಂದಲೂ ನಾನೇ ಹೊಲಿಯುತ್ತಿದ್ದೆ. ಆದರೆ ಎಲ್ಲವನ್ನೂ ತೀರ್ಮಾನಿಸುತ್ತಿದ್ದವರು ಅವರ ಗಂಡ. ಅವರನ್ನು ಊರಿನವರೆಲ್ಲ ಸಾವ್ಕಾರ ಎನ್ನುತ್ತಾರೆ.

ಚುನಾವಣೆಯ ಹಿಂದಿನ ದಿನ ಸಾವ್ಕಾರರು ನಮ್ಮನ್ನು ಪ್ರವಾಸಕ್ಕೆ ಕರೆದೊಯ್ದರು. ಯಾದಗಿರಿಯ ಬೆಟ್ಟದ ಕೋಟೆ, ಗುರುಮಠಕಲ್ ಕಡೆಯ ಜಲಪಾತ, ವಸತಿಗೆ ಜೇವರ್ಗಿಯಲ್ಲಿ ಅಕ್ಕನ ತವರುಮನೆ, ಬೆಳಿಗ್ಗೆ ನೇರವಾಗಿ ಪಂಚಾಯಿತಿ ಕಚೇರಿ. ಎದುರು ಕಡೆಯವರು ನಮ್ಮಲ್ಲಿ ಯಾರನ್ನೂ ಸೆಳೆದುಕೊಳ್ಳಬಾರದೆಂಬುದೇ ಸದರಿ ಪ್ರವಾಸದ ಉದ್ದೇಶವೆಂದು ಎಲ್ಲರಿಗೂ ತಿಳಿದಿತ್ತು. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಗಂಡ ತಾನೂ ಬರುತ್ತೇನೆಂದಾಗ ಗಾಡಿಯಲ್ಲಿ ಜಾಗವಿಲ್ಲ ಎಂಬ ಉತ್ತರ ಬಂತು. ಕ್ರೂಸರ್ ಹತ್ತಿ ನೋಡಿದರೆ ಹಿಂದೆ ಎರಡು ಸೀಟು ಖಾಲಿ ಇದ್ದವು.

ಗಾಡಿ ಊರು ದಾಟುತ್ತಿದ್ದಂತೆ ಸಾವ್ಕಾರರು ಒಂದು ಬಟ್ಟೆಯ ಚೀಲ ಬಿಚ್ಚಿ ಹಿಡಿದರು.

"ಎಲ್ಲಾರೂ ಫೋನ್ ಇದರಾಗ ಹಾಕ್ರಿ. ನಾಳೆ ಕಚೇರಿ ಬಾಗಲದಾಗ ವಾಪಸ್ ಕೊಡ್ತೇನಿ."

ನಮ್ಮಲ್ಲೆಲ್ಲ ಹಿರಿಯರಾದ ಸದಸ್ಯರೊಬ್ಬರಿದ್ದರು. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ತಮ್ಮ ಫೋನನ್ನು ಚೀಲದ ಬಾಯಿಯವರೆಗೆ ಒಯ್ದು ಹಿಂದಕ್ಕೆ ತೆಗೆದರು.

"ಸೊಸಿ ದಿನ ತುಂಬ್ಯಾಳೋ ಮಾರಾಯಾ. ಫೋನ್ ಬಂದ್ರ?"

"ಬಂದ್ರ ನಾನ ಎತ್ತತೇನಿ ಕಾಕಾ. ಗಂಡೋ ಹೆಣ್ಣೋ ನಾನ ಹೇಳ್ತೇನಿ."

"ಮತ್ತ ಹೆಸರೂ ನೀನ ಇಟ್ಟುಬಿಡು!"

ಎಲ್ಲರೂ ನಕ್ಕರು, ಕಾಕಾ ಫೋನು ಹಾಕಿದರು. ನನಗೆ ಮಾತ್ರ ನಗು ಬರಲಿಲ್ಲ. ಅದಕ್ಕೆ ಕಾರಣವಿತ್ತು. ಅದಕ್ಕೂ ಎರಡು ದಿನ ಮೊದಲು ಕಾಕಾ ನನ್ನ ಮನೆಗೆ ಬಂದು ಬನಿಯನ್ನಿಗೊಂದು ಒಳಕಿಸೆ ಹಾಕಿಸಿಕೊಂಡು ಹೋಗಿದ್ದರು. ತಂಬಾಕಿನ ಚೀಲ ಇಡಲಿಕ್ಕೆ ಎಂದಿದ್ದರು. ಅವರು ಬೆರಳಿನಿಂದ ತೋರಿಸಿದ ಅಳತೆಗೆ ತಕ್ಕಂತೆ ಉದ್ದವಾಗಿ, ಇಕ್ಕಟ್ಟಾಗಿ ಹೊಲಿದುಕೊಟ್ಟಿದ್ದೆ. ತಂಬಾಕಿನ ಚೀಲ ಅಷ್ಟು ಉದ್ದ ಇರುವುದಿಲ್ಲವಲ್ಲ ಎಂಬ ವಿಚಾರ ಆಗ ಬಂದಿರಲಿಲ್ಲ.

ಜೇವರ್ಗಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಮೊಣಕಾಲೆತ್ತರದ ತೊಗರಿ, ಹತ್ತಿ. ಕಪ್ಪು ನೆಲ ಮಳೆಯಿಂದ ಹಸಿಯಾಗಿತ್ತು. ನಾನು ಹೊಲ ನೋಡುತ್ತಿದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಗಾಜಿನಲ್ಲಿ ಕಾಣುತ್ತಿದ್ದ ಕಾಕಾನ ಎದೆಯನ್ನು ನೋಡುತ್ತಿದ್ದೆ. ಅಂಗಿಯ ಮೇಲೆ ಏನೂ ಉಬ್ಬಿರಲಿಲ್ಲ. ನಾನು ಹೊಲಿದ ಕಿಸೆ ಅಷ್ಟು ಸರಿಯಾಗಿ ಕೂತಿತ್ತೋ, ಅದರಲ್ಲಿ ಏನೂ ಇರಲಿಲ್ಲವೋ ತಿಳಿಯಲಿಲ್ಲ.

ಕೋಟೆಯ ಮೆಟ್ಟಿಲುಗಳಲ್ಲಿ ಅಕ್ಕ ಮತ್ತು ನಾನು ಹಿಂದೆ ಉಳಿದೆವು. ಮೂರನೇ ಬಾಗಿಲ ಹತ್ತಿರ ಅವರು ಬಂಡೆಗೆ ಒರಗಿ ನಿಂತು, ಗಂಡ ಮುಂದೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಕೇಳಿದರು:

"ನಾ ಗೆದ್ರ ಆ ಕುರ್ಚ್ಯಾಗ ನಾ ಕುಂದ್ರತೇನೋ, ಇವರು ಕುಂದ್ರತಾರೋ? ಖರೇ ಹೇಳು."

"ನೀವ ಕುಂದ್ರಬೇಕ್ರಿ ಅಕ್ಕಾರ."

"ಹಂಗಾರ ನೀ ನನಗ ಹಾಕು. ಅವರಿಗೆ ಅಲ್ಲ, ನನಗ."

"ನಿಮಗ ಹಾಕ್ತೇನ್ರಿ" ಎಂದೆ. ಮತದ ವಿಷಯವಾಗಿ ನಾನು ಯಾರಿಗಾದರೂ ಕೊಟ್ಟ ಮಾತು ಅದೊಂದೇ.

ಮೇಲೆ ಹಳೆಯ ಕಬ್ಬಿಣದ ತೋಪಿನ ಹತ್ತಿರ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಝುಣಕ. ಒಬ್ಬರ ತಟ್ಟೆಯನ್ನು ಇನ್ನೊಬ್ಬರು ನೋಡುತ್ತಾ ಉಂಡೆವು. ಒಬ್ಬ ಸದಸ್ಯರು ಕೋಟೆಯ ಗೋಡೆಯಿಂದ ಕೆಳಗಿನ ಊರನ್ನು ಬಹಳ ಹೊತ್ತು ನೋಡಿದ್ದಕ್ಕೆ "ಯಾರಿಗೆ ಸನ್ನಿ ಮಾಡಾಕತ್ತೀಯೋ?" ಎಂದು ಸಾವ್ಕಾರರು ನಗುತ್ತಲೇ ಕೇಳಿದರು. ಆ ಮನುಷ್ಯ ಆಮೇಲೆ ನೆಲ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಊಟವಾದ ಮೇಲೆ ಸಾವ್ಕಾರರು ಕಾಗದದ ಪೊಟ್ಟಣದಿಂದ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ತೆಗೆದರು. ಅಂಗೈಯಲ್ಲಿ ಭಂಡಾರ ಹಿಡಿದು, ಮಕ್ಕಳ ಹೆಸರು ಹೇಳಿ, ಮತ ತಪ್ಪಿಸುವುದಿಲ್ಲವೆಂದು ಆಣೆ ಮಾಡಬೇಕು. ಕಾಕಾ ಎಲ್ಲರಿಗಿಂತ ಮೊದಲು ಮುಂದೆ ಬಂದು, ಇನ್ನೂ ಹುಟ್ಟದ ಮೊಮ್ಮಗುವಿನ ಮೇಲೆ ಆಣೆ ಮಾಡಿದರು. ಅವರ ಧ್ವನಿ ಸ್ವಲ್ಪವೂ ನಡುಗಲಿಲ್ಲ. ಉಳಿದವರದ್ದೂ ಆಯಿತು. ಅಕ್ಕನಿಂದಲೂ ಮಾಡಿಸಿದರು. ನಾನು ಕೈ ಚಾಚಲಿಲ್ಲ.

"ಯಾಕ ತಂಗಿ, ಹಿಂದ ಸರದಿ?"

"ಹಾಕ್ತೇನಿ ಅಂತ ಹೇಳೇನ್ರಿ ಅಣ್ಣಾರ. ಮಗಳ ಹೆಸರು ಇದರಾಗ ತರಬ್ಯಾಡ್ರಿ."

"ಎಲ್ಲಾರೂ ತಂದಾರ. ನಿನ್ನ ಮಗಳು ಏನ್ ಬಂಗಾರದಾಕಿ ಏನು?"

"ಹೌದ್ರಿ. ನನಗ ಬಂಗಾರದಾಕಿ."

ಹಿಂದಿನ ವರ್ಷ ಅವಳು ಹನ್ನೆರಡು ದಿನ ಜ್ವರದಲ್ಲಿ ಮಲಗಿದ್ದಳು. ಅವಳ ಹೆಸರನ್ನೂ ಸಾವನ್ನೂ ಒಂದೇ ವಾಕ್ಯದಲ್ಲಿ ಸೇರಿಸಲು ಅಂದಿನಿಂದ ನನ್ನ ನಾಲಿಗೆ ಏಳುವುದಿಲ್ಲ. ಇದನ್ನು ಅಲ್ಲಿ ವಿವರಿಸಬೇಕಾಗಿತ್ತು, ವಿವರಿಸಲಿಲ್ಲ. ಸಾವ್ಕಾರರು ಭಂಡಾರದ ಪೊಟ್ಟಣ ಮಡಚಿ ಕಿಸೆಗೆ ಹಾಕಿಕೊಂಡರು. ಬೆಟ್ಟ ಇಳಿಯುವಾಗ ನನ್ನ ಹಿಂದೊಬ್ಬರು, ಮುಂದೊಬ್ಬರು ನಡೆಯತೊಡಗಿದರು.

ಜಲಪಾತ ತುಂಬಿ ಬೀಳುತ್ತಿತ್ತು. ಕೆಂಪು ನೀರು, ಕಿವಿ ಗಡಚಿಕ್ಕುವ ಸದ್ದು. ಎಲ್ಲರೂ ಕಾಲು ತೋಯಿಸಿಕೊಳ್ಳುತ್ತಿದ್ದಾಗ ಕಾಕಾ ಒಬ್ಬರೇ ಬಂಡೆಗಳ ಆಚೆ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. ಬಲಗೈ ಮೊಣಕೈಯಲ್ಲಿ ಮಡಚಿ, ಅಂಗೈ ಕಿವಿಯ ಹತ್ತಿರವಿತ್ತು. ನಾಲ್ಕೈದು ನಿಮಿಷ ಹಾಗೆಯೇ ಇದ್ದರು. ನೀರಿನ ಸದ್ದಿಗೆ ಕಿವಿ ಮುಚ್ಚಿಕೊಂಡವರೂ ಹಾಗೆಯೇ ನಿಲ್ಲುತ್ತಾರೆಂಬುದನ್ನು ನ್ಯಾಯದ ದೃಷ್ಟಿಯಿಂದ ಇಲ್ಲಿ ನಮೂದಿಸುತ್ತೇನೆ. ಅಲ್ಲದೆ ಆಗ ಸಾವ್ಕಾರರು ಅವರನ್ನು ಕಾಯುತ್ತಿರಲಿಲ್ಲ, ನನ್ನನ್ನು ಕಾಯುತ್ತಿದ್ದರು.

ಮರುದಿನ ಮತದಾನ ಗುಪ್ತವಾಗಿ ನಡೆಯಿತು. ನಾನು ಅಕ್ಕನಿಗೇ ಹಾಕಿದೆ. ಎಣಿಕೆಯಾದಾಗ ಎದುರು ಕಡೆಗೆ ಆರು, ನಮ್ಮ ಕಡೆಗೆ ಐದು.

ಕಚೇರಿಯ ಅಂಗಳದಲ್ಲಿ ಸಾವ್ಕಾರರು ನನ್ನ ಕಡೆ ನೋಡದೆಯೇ ಜೋರಾಗಿ ಹೇಳಿದರು: "ಆಣಿ ಮಾಡದವರು ಯಾರು ಅಂತ ಎಲ್ಲಾರಿಗೂ ಗೊತ್ತೈತಿ."

ಕಾಕಾ ಸಾವ್ಕಾರರ ಹೆಗಲ ಮೇಲೆ ಕೈ ಇಟ್ಟರು. "ಬಿಡೋ ಸಾವ್ಕಾರ, ಹೆಣ್ಮಗಳು. ಯಾರೋ ಹೆದರಿಸಿರಬೇಕು. ಏನೂ ಅನಬ್ಯಾಡ."

ಅವರು ನನ್ನ ಪರವಾಗಿ ಆಡಿದ ಆ ಮಾತಿನಿಂದಲೇ ಎಲ್ಲರಿಗೂ ಖಾತ್ರಿಯಾಯಿತು. ಒಳಕಿಸೆಯ ಮಾತು ನನ್ನ ಬಾಯಿಗೆ ಬಂತು. ಆದರೆ ನಾನು ಕಂಡದ್ದು ಒಂದು ಕಿಸೆ, ಒಂದು ಮೊಣಕೈ, ಫೋನನ್ನು ಕಂಡಿರಲಿಲ್ಲ. ನೋಡದ್ದನ್ನು ಹೇಳಿದರೆ ನನಗೂ ಸಾವ್ಕಾರರಿಗೂ ವ್ಯತ್ಯಾಸವೇನು ಉಳಿಯುತ್ತಿತ್ತು?

ವಾರದ ನಂತರ ಅಕ್ಕ ನಮ್ಮ ಮನೆಗೆ ಬಂದರು. ಹೊಲಿಯಲು ಕೊಟ್ಟಿದ್ದ ರವಿಕೆ ಬಟ್ಟೆ ಕೇಳಿದರು. ಇನ್ನೂ ಕತ್ತರಿಸಿರಲಿಲ್ಲ.

"ನೀ ನನಗ ಹಾಕೀದಿ, ಹೌದಲ್ಲ?"

"ಹಾಕೇನ್ರಿ ಅಕ್ಕಾರ."

"ನಾ ನಂಬತೇನಿ. ಆದ್ರ ನಮ್ಮ ಮನ್ಯಾಗ ಅದನ್ನ ಹೇಳಾಕ ಬರಂಗಿಲ್ಲ."

ಬಟ್ಟೆಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದರು. ಈಗ ಅಫಜಲಪುರದಲ್ಲಿ ಹೊಲಿಸುತ್ತಾರೆ. ಅವರು ನಿಜವಾಗಿಯೂ ನಂಬಿದರೋ, ನನ್ನ ಮುಖಕ್ಕೆ ಹಾಗೆಂದರೋ ಎಂದು ಮಷೀನಿನ ಮುಂದೆ ಕುಳಿತಾಗಲೆಲ್ಲ ಯೋಚಿಸುತ್ತೇನೆ. ಬರೀ ಮಾತನ್ನು ನಂಬಿರೆಂದು ಕೋಟೆಯ ಮೇಲೆ ಕೇಳಿಕೊಂಡವಳು ನಾನು. ಅಕ್ಕನ ಬರೀ ಮಾತನ್ನು ನಂಬಲು ನನ್ನಿಂದಲೇ ಆಗುತ್ತಿಲ್ಲ.

ಮೇಲಿನ ಸಂಗತಿಗಳು ನನಗೆ ತಿಳಿದ ಮಟ್ಟಿಗೆ ಸತ್ಯವಾಗಿವೆ. ಅಕ್ಷರದಲ್ಲಿ ಅಥವಾ ಒಕ್ಕಣೆಯಲ್ಲಿ ತಪ್ಪು ಕಂಡುಬಂದಲ್ಲಿ ಓದಿದವರು ದಯವಿಟ್ಟು ತಿದ್ದಿ ಓದಿಕೊಳ್ಳಬೇಕಾಗಿ ಕೋರುತ್ತೇನೆ.