ಗೊತ್ತಿಲ್ಲವೆಂದು ನಿಂತ ಯಂತ್ರ

ಆಸ್ಪತ್ರೆಯೊಂದರ ರಕ್ತನಿಧಿಯಲ್ಲಿ, ಮೆಟ್ಟಿಲ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಕುಳಿತು ದುಡಿಯುತ್ತಿರುವ ಹೆಣ್ಣುಮಗಳೊಬ್ಬರನ್ನು ನಾನು ಬಲ್ಲೆ. ದಾನಿಗಳಿಗೆ ಕರೆ ಕಳುಹಿಸುವ ಪ್ರೋಗ್ರಾಮು ಅವರ ಸುಪರ್ದಿನಲ್ಲಿದೆ. ಹಿರಿಯರು ಕಿರಿಯರೆನ್ನದೆ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ. ಸಂತರ ಕಥೆ ಹೇಳುವ ಬಾಯಿಂದಲೇ ಈ ಅಕ್ಕನ ಕಥೆಯನ್ನೂ ಹೇಳುತ್ತೇನೆ.

ಆ ಪ್ರೋಗ್ರಾಮು ಎರಡು ಸರ್ವರುಗಳಲ್ಲಿ, ಅಂದರೆ ಎರಡು ಕಂಪ್ಯೂಟರುಗಳಲ್ಲಿ, ವಾಸಿಸುತ್ತದೆ. ಒಂದು ಪ್ರಯೋಗಕ್ಕೆ, ಇನ್ನೊಂದು ನಿಜವಾದ ಕೆಲಸಕ್ಕೆ. ಪ್ರೋಗ್ರಾಮು ಎರಡೂ ಕಡೆ ಒಂದೇ. ಯಾವ ಪಟ್ಟಿಯವರಿಗೆ ಸಂದೇಶ ಕಳುಹಿಸಬೇಕೆಂಬುದನ್ನು ಆಯಾ ಸರ್ವರಿನ ಸೆಟ್ಟಿಂಗ್ ಫೈಲಿನ ಒಂದು ಸಾಲು ಹೇಳಬೇಕು. ಪ್ರಯೋಗದ ಪಟ್ಟಿಯಲ್ಲಿರುವುದು ಸಿಬ್ಬಂದಿಯ ಹತ್ತು ಫೋನುಗಳು ಮಾತ್ರ. ಹಿಂದೊಮ್ಮೆ ಫೈಲಿನಲ್ಲಿ ಆ ಸಾಲು ಬಿಟ್ಟುಹೋಗಿ ನಿಜವಾದ ಸರ್ವರು ಅರ್ಧ ದಿನ ಕೈಚೆಲ್ಲಿ ಕುಳಿತಿತ್ತು. ರೋಗಿಗಳ ಮೇಲಿನ ಕರುಣೆಯಿಂದ ಅಕ್ಕ ಅಂದೇ ಅದಕ್ಕೊಂದು ಬುದ್ಧಿ ಕಲಿಸಿದರು: ಸಾಲು ಸಿಗದಿದ್ದರೆ ನಿಜವಾದ ದಾನಿಗಳ ಪಟ್ಟಿಯನ್ನೇ ಹಿಡಿದುಕೋ.

ಆ ಕರುಣೆಯೇ ಒಂದು ಬೆಳಿಗ್ಗೆ ಕೈಕೊಟ್ಟಿತು. ಹೊಸ ಪ್ರಯೋಗದ ಸರ್ವರಿನಲ್ಲಿ ಅದೇ ಸಾಲನ್ನು ಬರೆಯಲು ಅಕ್ಕ ಮರೆತರು, ಗುಂಡಿ ಒತ್ತಿದರು. "ತುರ್ತಾಗಿ ರಕ್ತ ಬೇಕು, ಕೂಡಲೇ ಬನ್ನಿ" ಎಂಬ ಸಂದೇಶ ಮುನ್ನೂರ ಹನ್ನೆರಡು ದಾನಿಗಳಿಗೆ ಹೋಯಿತು.

ಜನ ಬಂದರು, ಪ್ರಿಯರೇ! ಸೈಕಲ್ಲಿನಲ್ಲಿ ಬಂದರು, ಏಪ್ರನ್ ಕಳಚದೆ ಬಂದರು.

ರಕ್ತನಿಧಿಯ ಡಾಕ್ಟರು ಓಡಿಬಂದು ಪಿಸುಗುಟ್ಟಿದರು. "ಅಕ್ಕ, ನೆಟ್‌ವರ್ಕ್ ಕೈಕೊಡ್ತು ಅಂದ್ಬಿಡಿ. ಸುಮ್ಮನೆ ಕರೆದ್ರು ಅಂತ ಗೊತ್ತಾದ್ರೆ ನಾಳೆ ನಿಜವಾಗ್ಲೂ ಕರೆದಾಗ ಒಬ್ರೂ ಬರಲ್ಲ."

ಅಕ್ಕನ ಭಯವೂ ಅದೇ. ಆದರೂ ಬಾಗಿಲಲ್ಲಿ ನಿಂತು, ಬಂದ ಪ್ರತಿಯೊಬ್ಬರಿಗೂ ಕೈಮುಗಿದರು. "ತಪ್ಪು ನನ್ದು. ಪರೀಕ್ಷೆ ಮಾಡ್ತಿದ್ದೆ, ನಿಮಗೆ ಬಂದ್ಬಿಡ್ತು."

"ಅಲ್ಲಕ್ಕ, ಹಿಟ್ಟು ಅರ್ಧಕ್ಕೇ ಬಿಟ್ಟು ಓಡಿ ಬಂದಿದೀನಿ," ಎಂದ ಬೇಕರಿಯವನೊಬ್ಬ, ಹಿಟ್ಟು ಮೆತ್ತಿದ ಕೈ ಚಾಚಿ. "ಇವತ್ತಿನ ಬ್ರೆಡ್ ಕಲ್ಲಾದ್ರೆ ನಿಮ್ಮನೆಗೇ ಕಳಿಸ್ತೀನಿ, ತಿನ್ನಿ." ನಗಲಿಲ್ಲ, ಹೊರಟುಹೋದ.

ಸಂಜೆ ಅಕ್ಕನ ಮುಖ ಸಪ್ಪಗಿತ್ತು. ಅವರ ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ. ಎಲ್ಲ ಕೇಳಿಸಿಕೊಂಡು ಕತ್ತರಿ ಕೆಳಗಿಟ್ಟರು.

"ಅಲ್ವೇ, ಚೀಟೀಲಿ ತೋಳಿನ ಅಳತೆ ಬರೆದಿಲ್ಲ ಅಂದ್ರೆ ನಾನೇನು ಮಾಡ್ತೀನಿ?"

"ಅಂದಾಜಲ್ಲಿ ಕತ್ತರಿಸ್ತೀರ. ನನ್ ರವಿಕೆ ಹಾಳು ಮಾಡಿದ್ದು ಹಂಗೇ ತಾನೆ?"

"ಅದು ಮದುವೆ ಆದ ವರ್ಷ, ಬಿಡೇ! ಈಗ ಬಟ್ಟೇನೇ ಮುಟ್ಟಲ್ಲ. ಕರೆದು ಕೇಳ್ತೀನಿ."

 ಮರುದಿನ ಅಕ್ಕ ತಾವು ಕಲಿಸಿದ್ದ ಬುದ್ಧಿಯನ್ನು ತಾವೇ ಅಳಿಸಿದರು. ಇನ್ನು ಮುಂದೆ ಪ್ರೋಗ್ರಾಮು ಕೆಲಸ ಶುರುಮಾಡುವ ಮುನ್ನ ಬೇಕಾದ ಸಾಲುಗಳನ್ನೆಲ್ಲ ನೋಡಬೇಕು. ಒಂದು ಇಲ್ಲದಿದ್ದರೂ ಯಾವುದು ಇಲ್ಲವೆಂದು ಹೇಳಿ ನಿಲ್ಲಬೇಕು. ಮುಂದಿನ ವಾರವೇ ಪ್ರಯೋಗದ ಸರ್ವರಿನಲ್ಲಿ ಮತ್ತೊಮ್ಮೆ ಸಾಲು ತಪ್ಪಿತು. ಪರದೆಯ ಮೇಲೆ ಮೂಡಿತು: "ದಾನಿಗಳ ಪಟ್ಟಿ ಯಾವುದೆಂದು ಬರೆದಿಲ್ಲ. ನಾನು ಹೊರಡುವುದಿಲ್ಲ." ಯಾರ ಫೋನೂ ಸದ್ದು ಮಾಡಲಿಲ್ಲ. ತನಗೆ ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಳ್ಳುವ ವಿನಯವನ್ನು ದೇವರು ನಮಗೂ ಕೊಡಲಿ ಎಂದು ನಾನು ಎಷ್ಟೋ ದಿನ ಪ್ರಾರ್ಥಿಸಿದ್ದೇನೆ. ಅಕ್ಕ ಅದನ್ನು ಯಂತ್ರಕ್ಕೇ ಕಲಿಸಿದ್ದರು!

ಆದರೆ ಜನರ ನಂಬಿಕೆ ಉಳಿದಿದೆಯೇ? ಅದಕ್ಕೆ ಉತ್ತರ ಯಾವ ಫೈಲಿನಲ್ಲೂ ಇರಲಿಲ್ಲ.

ಆರು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ, ಹೆರಿಗೆಯಾದ ತಾಯಿಯೊಬ್ಬಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಅವಳ ರಕ್ತದ ಗುಂಪಿನವರು ಪಟ್ಟಿಯಲ್ಲಿದ್ದದ್ದು ಹನ್ನೊಂದೇ ಜನ. ಅಕ್ಕ ಕರೆ ಕಳುಹಿಸಿ, ಮನಸ್ಸಿನಲ್ಲೇ ದೇವರನ್ನು ನೆನೆಯುತ್ತ ಬಾಗಿಲಿಗೆ ಬಂದು ನಿಂತರು. ಐದು ನಿಮಿಷ. ಹತ್ತು ನಿಮಿಷ. ರಸ್ತೆ ಬರಿದಾಗಿತ್ತು.

ತಿರುವಿನಲ್ಲಿ ಸೈಕಲ್ಲೊಂದು ಕಂಡಿತು. ಬೇಕರಿಯವ ಇಳಿದ, ಏದುಸಿರು ಬಿಡುತ್ತ.

"ಇವತ್ತು ನಿಜಾನಾ ಅಕ್ಕ, ಇಲ್ಲ ಪರೀಕ್ಷೇನಾ?"

"ನಿಜ ಕಣಪ್ಪ. ಬಾಣಂತಿ ಒಬ್ಬಳು... ನೀನು ಬರಲ್ಲ ಅಂದ್ಕೊಂಡಿದ್ದೆ."

"ಅವತ್ತು ನೀವೇ ನಿಂತು ತಪ್ಪು ನನ್ದು ಅಂದ್ರಲ್ಲ. ಸುಳ್ಳು ಹೇಳೋರಾಗಿದ್ರೆ ಅವತ್ತೇ ಹೇಳ್ತಿದ್ರಿ." ಅವನು ಅಂಗಿಯ ತೋಳು ಮಡಚಿದ. "ಯಾವ ಕೈ ಕೊಡ್ಲಿ? ಎಡಗೈ ತಗೊಳ್ಳಿ, ಬಲಗೈಲಿ ಹಿಟ್ಟು ನಾದೋದಿದೆ."

ಅವನ ಹಿಂದೆಯೇ ಇನ್ನೂ ಎರಡು ಸೈಕಲ್ಲುಗಳು ತಿರುವು ದಾಟಿ ಬರುತ್ತಿದ್ದವು.