ಅವ್ವನನ್ನು ಹಾಸಿಗೆಯಿಂದ ಎಬ್ಬಿಸಿದವಳು

ಮೇಸ್ತ್ರಿಯ ಕಾಲ್ಬೆರಳ ಸಂದಿಗಳು ಸದಾ ಕೆಂಪಗಿರುತ್ತಿದ್ದವು. ಸಿಂಗಾರಕ್ಕಲ್ಲ. ಕೆಸರಲ್ಲಿ ನಿಂತರೆ ಚರ್ಮ ಕೊಳೆಯುತ್ತದೆ, ಅದಕ್ಕೇ ನಾಟಿ ಶುರುವಾಗುವ ಮೊದಲೇ ಗೋರಂಟಿ ಸೊಪ್ಪು ಅರೆದು ಮೆತ್ತಿಕೊಳ್ಳುತ್ತಿದ್ದಳು. ತುರ್ವಿಹಾಳದಲ್ಲಿ ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಆಕೆ ಮೇಸ್ತ್ರಿ. ನಮ್ಮವ್ವ ಆ ಗುಂಪಿನ ಹಳೇ ಆಳು. ನಾನು ಮೇಸ್ತ್ರಿಯನ್ನು ದೊಡ್ಡವ್ವ ಎನ್ನುತ್ತಿದ್ದೆ.

ಗುಂಪಿನಲ್ಲಿ ಯಾರು ಮೈಗಳ್ಳರು, ಯಾರು ದಣಿದಿದ್ದಾರೆ ಎಂದು ಆಕೆ ನೋಡಿ ಅಲ್ಲ, ದನಿ ಕೇಳಿಯೇ ಹೇಳುತ್ತಿದ್ದಳು. "ಜೋರಾಗಿ ಹಾಡಾಕತ್ತಾಳಂದ್ರ ಮೈಗಳ್ಳಿ. ಮಾತು ನಿಂತ್ವು ಅಂದ್ರ ಬದುವಿನ ಮ್ಯಾಲೆ ಕುಂಡ್ರಸ್ರಿ."

ಎರಡು ವರ್ಷದ ಹಿಂದೆ ಅವ್ವನ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ಗೊತ್ತಾಯಿತು. ಮೂರು ವಾರ ಬಿಟ್ಟು ಆಪರೇಷನ್ ಎಂದರು ಡಾಕ್ಟರು. ಅಲ್ಲಿಯವರೆಗೆ ದಿನಾ ನಡೆಸಿ, ಮೊಟ್ಟೆ, ಬೇಳೆ ತಿನ್ನಿಸಿ, ಉಸಿರೆಳೆದರೆ ಚೆಂಡು ಮೇಲೇಳುವ ಈ ಮೂರು ಚೆಂಡಿನ ಡಬ್ಬಿಯಲ್ಲಿ ಉಸಿರಿನ ಅಭ್ಯಾಸ ಮಾಡಿಸಿ, ಮೈ ಗಟ್ಟಿಯಿದ್ದರೆ ಬೇಗ ಚೇತರಿಸಿಕೊಳ್ಳುತ್ತಾರೆ ಎಂದೂ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಕ್ಯಾನ್ಸರ್ ಒಂದೇ. ಮನೆಗೆ ತಂದು ಮಲಗಿಸಿದೆ. ಗಂಜಿ ಕುಡಿಸಿದೆ. ಜವಳಗೇರಾದಿಂದ ಬಂದ ಬಳಗವೂ "ಏಳಬ್ಯಾಡವ್ವ" ಎಂದಿತು.

ನಾಲ್ಕನೇ ದಿನ ಮೇಸ್ತ್ರಿ ಬಂದಳು.

"ಡಾಕ್ಟರ್ ಏನಂದ್ರಲೇ?"

ಹೇಳಿದೆ.

"ಮತ್ತ ಇಕಿ ಯಾಕ ಮಲಗ್ಯಾಳ?"

"ಆರಾಮ ಇಲ್ಲದಾಕಿ. ಆರಾಮ ಮಾಡ್ಲಿ ಬಿಡು ದೊಡ್ಡವ್ವ."

"ಹಾಸಿಗ್ಯಾಗ ಆರಾಮ ಮಾಡಿದ್ರ ಆರಾಮ ಆಗತೈತೇನ? ಸೊರಗಿದ ಸಸಿ ಕಿತ್ತು ಹಚ್ಚಿದ್ರ ಬೇರು ಬಿಡತೈತೇನಲೇ? ಕೀಳೂ ಮದಲ ಗಟ್ಟಿ ಮಾಡಬೇಕು." ಅವ್ವನ ಕಡೆ ತಿರುಗಿ, "ಏಳಬೇ!"

ಅವತ್ತಿನಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ಕಾಲುವೆ ಏರಿಯ ಮೇಲೆ ಅವ್ವನನ್ನು ನಡೆಸಿದಳು. ಮೊದಲ ದಿನ ತೂಬಿನ ತನಕವೂ ಆಗಲಿಲ್ಲ. ಮೇಸ್ತ್ರಿ ಮಾತಿಗೆಳೆಯುತ್ತಿದ್ದಳು.

"ನಿನ್ನ ಮಸ್ಕಿ ನಾದಿನಿ ಸೀರಿ ಕೊಟ್ಟಳೇನ?"

"ಎಲ್ಲಿ ಕೊಡ್ತಾಳ ಆ ಜಿಪುಣಿ!"

ಆ ಸಿಟ್ಟಿನಲ್ಲಿ ಅವ್ವ ಇಪ್ಪತ್ತು ಹೆಜ್ಜೆ ಹೆಚ್ಚಿಗೆ ಹಾಕುತ್ತಿದ್ದಳು. "ಹಾಂ, ಇನ್ನೊಂದೀಟು ಬೈಯಿ" ಎನ್ನುತ್ತಿದ್ದಳು ಮೇಸ್ತ್ರಿ.

ಡಬ್ಬಿಯ ಕೊಳವೆಯನ್ನು ಅವ್ವ ಊದುತ್ತಿದ್ದಳು. "ಊದಾಕ ಅದೇನ ಒಲಿ ಏನ? ಬಿಸಿ ಚಾ ಎಳದಂಗ ಎಳಿ" ಎಂದು ತಾನೇ ಎಳೆದು ತೋರಿಸಿದಳು. ಎರಡು ಚೆಂಡು ಎದ್ದವು. ಮೂರನೆಯದು ಏಳಲಿಲ್ಲ. "ಸುಡುಗಾಡು, ಕೆಟ್ಟೈತಿ ಇದು" ಎಂದಳು.

ಒಂದು ದಿನ ನಾನು ಬೈಕಿನಲ್ಲಿ ಹೋದೆ. ಅವ್ವ ಏರಿಯ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ನನಗೆ ತಲೆ ಕೆಟ್ಟಿತು. ಹೊಲಕ್ಕೆ ಹೊರಟ ಹೆಂಗಸರೆಲ್ಲ ಅಲ್ಲೇ ಇದ್ದರು.

"ನಮ್ಮವ್ವನ್ನ ಸಾಯಿಸಬೇಕಂತ ಮಾಡೀಯೇನ? ನಿನಗ ಬುದ್ಧಿ ಐತೇನ?" ಎಂದು ಕೂಗಿದೆ.

ಮೇಸ್ತ್ರಿ ಸೆರಗಿನಿಂದ ಅವ್ವನ ಮುಖ ಒರೆಸಿದಳು. ಅವ್ವನೇ ಉಸಿರು ಹಿಡಿದು ಹಿಡಿದು ಹೇಳಿದಳು: "ಬಾಯಿ ಮುಚ್ಚಲೇ. ಮಾತು ನಿಂತ್ವು ಅಂತ ಆಕಿನಾ ಕುಂಡ್ರಿಸ್ಯಾಳ. ತೂಬು ದಾಟಿ ಬಂದೀನಿ, ಕಾಣವಲ್ತೇನ?"

ಮರುದಿನವೂ ಮೇಸ್ತ್ರಿ ಬಂದಳು. ನನ್ನನ್ನು ನೋಡಲಿಲ್ಲ. ಅವ್ವನನ್ನು ಕರೆದುಕೊಂಡು ಹೋದಳು.

ಆಪರೇಷನ್ ಆದ ಮರುದಿನ ನರ್ಸಮ್ಮ ಎಬ್ಬಿಸಲು ಬಂದರು. ಬಿದ್ದುಬಿಡುತ್ತಾಳೆ ಎಂದು ನಾನು ಗೋಡೆ ಕಡೆ ತಿರುಗಿದೆ. ತಿರುಗಿ ನೋಡಿದರೆ ಅವ್ವ ನರ್ಸಮ್ಮನ ತೋಳು ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಹತ್ತನೇ ದಿನ ಊರಿಗೆ ಬಂದಳು.

ಮೇಸ್ತ್ರಿಗೆ ತಪ್ಪಾಯಿತು ಎನ್ನಬೇಕಿತ್ತು. ಇವತ್ತು ನಾಳೆ ಎಂದು ಬಿಟ್ಟೆ. ಆಕೆಯೂ ಆ ಮಾತು ಎತ್ತಲಿಲ್ಲ. ಸಿಕ್ಕಾಗ "ಚಾ ಕುಡಿ ಬಾರಲೇ" ಎನ್ನುತ್ತಿದ್ದಳು, ನಾನು ಕೆಲಸ ಇದೆ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಉಂಡು ಮಲಗಿದ ಮೇಸ್ತ್ರಿ ಏಳಲಿಲ್ಲ. ಎದೆಬಡಿತ ನಿಂತಿತ್ತು.

ಗುಂಪಿನ ಹೆಂಗಸರೆಲ್ಲ ಮಣ್ಣಿಗೆ ಬಂದಿದ್ದರು. ನನ್ನ ಸರದಿ ಬಂದಾಗ ಮುಷ್ಟಿಯಲ್ಲಿ ಮಣ್ಣು ಹಿಡಿದು, ಯಾರಿಗೂ ಕೇಳದ ಹಾಗೆ "ತಪ್ಪಾತು ದೊಡ್ಡವ್ವ" ಎಂದೆ.

ಪಕ್ಕದಲ್ಲಿ ನಿಂತಿದ್ದ ಅವ್ವ ನನ್ನ ಮೊಣಕೈ ತಿವಿದಳು.

"ಜೋರಾಗಿ ಅನ್ನಲೇ. ಬೈಯ್ಯಾಗ ಎಲ್ಲರ ಮುಂದ ಬೈದಿದ್ದಿ."

ಜೋರಾಗಿ ಅಂದೆ.